ಕಪ್ಪಾಗದ ನಳಿಕೆ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ನರ್ಸಿಂಗ್ ಹಾಸ್ಟೆಲಿನ ವಾರ್ಡನ್ ಠಾಣೆಗೆ ಬಂದರು. ಶನಿವಾರ ರಾತ್ರಿ ಹಾಲು ಕುಡಿದ ಹುಡುಗಿಯರೆಲ್ಲ ವಾಂತಿಭೇದಿಯಿಂದ ಹಾಸಿಗೆ ಹಿಡಿದಿದ್ದಾರೆ, ಅಡುಗೆಯವಳೇ ಏನೋ ಬೆರೆಸಿದ್ದಾಳೆ ಎಂದು ದೂರು. ವಾರ್ಡನ್‌ಗೂ ಅವಳಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಹಾಸ್ಟೆಲಿನ ಫ್ರಿಜ್ಜಿನಲ್ಲಿ ಉಳಿದಿದ್ದ ಹಾಲನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದು, ಅಡುಗೆಯವಳನ್ನು ದಿನವೂ ಠಾಣೆಗೆ ಕರೆಸಿ ಕೂರಿಸತೊಡಗಿದರು.

"ನನ್ನ ಮಗಳೂ ಅದೇ ಹಾಲು ಕುಡಿದು ವಾರ್ಡಲ್ಲಿ ಮಲಗಿದಾಳೆ ಸಾರ್," ಎಂದಳು ಅವಳು. ಇನ್ಸ್‌ಪೆಕ್ಟರ್ ನಂಬಲಿಲ್ಲ.

ಹಾಲೂ ರೋಗಿಗಳ ಮಲದ ಮಾದರಿಯೂ ಆಸ್ಪತ್ರೆಯ ಲ್ಯಾಬಿಗೆ ಹೋದವು. ಅದನ್ನು ನಡೆಸುತ್ತಿದ್ದವರು ಡಾಕ್ಟರಮ್ಮ ಮತ್ತು ಅವರ ಸಹಾಯಕ, ಇಬ್ಬರೇ. ವರದಿ ಸಂಜೆಯೊಳಗೆ ಬೇಕೆಂದು ಇನ್ಸ್‌ಪೆಕ್ಟರ್ ಪಟ್ಟು ಹಿಡಿದರು. ನೀವು ಲಾಠಿ ತೋರಿಸಿದರೂ ಬ್ಯಾಕ್ಟೀರಿಯಾ ಬೇಗ ಬೆಳೆಯುವುದಿಲ್ಲ ಎಂದು ಡಾಕ್ಟರಮ್ಮ ನಕ್ಕರು.

ಗುರುವಾರ ಅವರು ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ನಳಿಕೆಗಳನ್ನು ಸಾಲಾಗಿ ಇಟ್ಟು ತೋರಿಸಿದರು. ಕರುಳಿನ ಬ್ಯಾಕ್ಟೀರಿಯಾಗಳೆಲ್ಲ ನೋಡಲು ಒಂದೇ ತರಹ; ಯಾವುದು ಏನನ್ನು ತಿನ್ನುತ್ತದೆ, ತಿಂದು ಏನು ಬಿಡುತ್ತದೆ ಎಂಬುದರಿಂದಲೇ ಗುರುತು. ಯೂರಿಯಾದ ನಳಿಕೆ ಗುಲಾಬಿಯಾಗಿರಲಿಲ್ಲ, ಹಾಗಾಗಿ ಒಂದು ಜಾತಿ ಹೊರಗೆ. ಇನ್ನೊಂದಕ್ಕೆ ಹನಿ ಹಾಕಿದಾಗ ಕೆಂಪು ಉಂಗುರ ಮೂಡಲಿಲ್ಲ, ಮತ್ತೊಂದು ಹೊರಗೆ. ಇಷ್ಟು ವರ್ಷ ಗಂಟಲು ಹರಿದುಕೊಂಡು ವಿಚಾರಣೆ ಮಾಡಿದ್ದ ಇನ್ಸ್‌ಪೆಕ್ಟರ್‌ಗೆ ಈ ಸದ್ದಿಲ್ಲದ ವಿಚಾರಣೆ ಕಂಡು ತಮ್ಮ ಬಗ್ಗೆಯೇ ನಾಚಿಕೆಯಾಯಿತು.

ಕೊನೆಯ ನಳಿಕೆಯನ್ನು ಡಾಕ್ಟರಮ್ಮ ಎತ್ತಿ ಬೆಳಕಿಗೆ ಹಿಡಿದರು.

"ಹಾಲಲ್ಲೂ ಮಕ್ಕಳ ಹೊಟ್ಟೇಲೂ ಇರೋದು ಸಾಲ್ಮೊನೆಲ್ಲಾನೇ. ಆದ್ರೆ ಸಾಲ್ಮೊನೆಲ್ಲಾ ಇದ್ರೆ ಈ ನಳಿಕೆ ಕಪ್ಪಾಗ್ಬೇಕಿತ್ತು. ವಾಂತಿಭೇದಿ ತರೋದ್ರಲ್ಲಿ ಕಪ್ಪಾಗದ ತಳಿ ತೀರಾ ಅಪರೂಪ."

"ಎಲ್ಲಿ ಸಿಗುತ್ತೆ?"

"ನಮ್ಮ ಲ್ಯಾಬಿನ ಈ ಫ್ರಿಜ್ಜಲ್ಲಿ. ವಿದ್ಯಾರ್ಥಿಗಳು ಕಣ್ಮುಚ್ಚಿ ಉತ್ತರ ಬರೀಬಾರ್ದು ಅಂತ ಪರೀಕ್ಷೆಗೆ ಇಟ್ಕೊಂಡಿದೀನಿ. ಬೀಗದ ಕೈ ಇರೋದು ನಮ್ಮಿಬ್ಬರ ಹತ್ರ ಮಾತ್ರ. ಮೊದಲು ನನ್ನನ್ನೇ ವಿಚಾರಿಸಿ."

ಬರೀ ಸಾಲ್ಮೊನೆಲ್ಲಾ ಎಂದು ಬರೆದು ಅವರು ಸುಮ್ಮನಿರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ, ಅಡುಗೆಯವಳು ಜೈಲು ಸೇರುತ್ತಿದ್ದಳು. ಇನ್ಸ್‌ಪೆಕ್ಟರ್ ತಮಗರಿವಿಲ್ಲದೆ ಎದ್ದು ನಿಂತರು.

ಶನಿವಾರ ಡಾಕ್ಟರಮ್ಮ ಊರಲ್ಲಿರಲಿಲ್ಲ. ಸಹಾಯಕ ಮಾತ್ರ ನೀರಿನ ಮಾದರಿಗೆಂದು ಹಾಸ್ಟೆಲಿನ ಅಡುಗೆಮನೆಗೆ ಹೋಗಿದ್ದನೆಂದು ಕಾನ್‌ಸ್ಟೆಬಲ್ ವಿಚಾರಿಸಿಕೊಂಡು ಬಂದ. ಇನ್ಸ್‌ಪೆಕ್ಟರ್ ಅವನನ್ನು ಲ್ಯಾಬಿಗೇ ಕರೆಸಿದರು.

"ಹಾಲಿಗೆ ಏನು ಹಾಕಿದೆ?"

ಅವನು ಡಾಕ್ಟರಮ್ಮನ ಕಡೆಗೇ ನೋಡಿದ. "ಲ್ಯಾಬ್ ಮುಚ್ತಾರಂತೆ ಮೇಡಂ. ನಿಮ್ಮ ಕೆಲಸ ಏನೂಂತ ಒಂದ್ಸಲ ಎಲ್ರೂ ನೋಡ್ಲಿ ಅಂತ... ಯಾರೂ ಸಾಯ್ಬಾರ್ದು ಅಂತ ಸ್ವಲ್ಪಾನೇ ಹಾಕಿದ್ದು."

"ಕಪ್ಪಾಗದೇ ಇರೋದನ್ನೇ ಯಾಕಪ್ಪ ತಗೊಂಡೆ?" ಡಾಕ್ಟರಮ್ಮ ಕೇಳಿದರು.

"ಸುಲಭದ್ದನ್ನ ಯಾರು ಬೇಕಾದ್ರೂ ಹಿಡೀತಾರೆ. ಇದನ್ನ ಹಿಡಿಯೋದು ನೀವು ಮಾತ್ರ."

ಮಧ್ಯಾಹ್ನ ಮೂರಕ್ಕೆ ಅವನನ್ನು ಬಂಧಿಸಲಾಯಿತು. ಇನ್ಸ್‌ಪೆಕ್ಟರ್ ಕ್ಷಮೆ ಕೇಳಿ ಅಡುಗೆಯವಳನ್ನು ತಾವೇ ವಾರ್ಡಿಗೆ ಬಿಟ್ಟು ಬಂದರು. ಲ್ಯಾಬಿನಲ್ಲಿ ಡಾಕ್ಟರಮ್ಮ ಅಳುತ್ತಲೇ ವರದಿ ಬರೆದು ಮುಗಿಸಿದರು. ಒಂದಕ್ಷರವನ್ನೂ ಬಿಡಲಿಲ್ಲ.