ಸುಣ್ಣದ ಮೇಲಿನ ಮಸಿ

೧೯೬೩, ಮೇ ೧೪, ಮಂಗಳವಾರ. ಬೆಳಿಗ್ಗೆ ಎಂಟೂಕಾಲು ಗಂಟೆ. ಅಕ್ಕಿಆಲೂರಿನ ಮೊದಲ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಹಾನಗಲ್ಲ ಪೊಲೀಸ್ ಠಾಣೆಯ ಕಟ್ಟೆಯ ಹತ್ತಿರ ಬಂದು ನಿಂತಳು. ವಯಸ್ಸು ಐವತ್ತರ ಆಸುಪಾಸು, ಕುಂಕುಮವಿಲ್ಲದ ಹಣೆ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ. ಕಾನ್‌ಸ್ಟೆಬಲ್ ನಾಗಪ್ಪ ಬರೆಯುವ ಟಾಕನ್ನು ಮಸಿಯ ದೌತಿಯಲ್ಲಿ ಅದ್ದಿ ಕೇಳಿದ:

"ಏನ ಕಳುವಾಗೇತಿ?"

"ಹೆಂಚರಿ."

"ಎಷ್ಟು?"

"ಎರಡನೂರಾ ಎಪ್ಪತ್ತು."

"ಹೊಸಾವೋ, ಹಳೇವೋ?"

"ಒಡದಾವ್ರಿ."

ನಾಗಪ್ಪ ಟಾಕನ್ನು ಕೆಳಗಿಟ್ಟ. "ಒಡದ ಹೆಂಚು ಕದ್ದೊಯ್ದಾರ? ಚಲೋ ಆತಲ್ಲಬೇ ಯವ್ವಾ, ನಿನ್ನ ಅಂಗಳ ಸ್ವಚ್ಛ ಆತು. ನಾಳಿ ಸವದ ಕಸಬರಿಗಿ ಕಳುವಾತು ಅಂತ ಬರ್ತಿ ನೋಡು."

ಒಳಗೆ ಕುಳಿತಿದ್ದ ಫೌಜದಾರ್ ಭರಮಪ್ಪನಿಗೆ ಈ ಮಾತು ಕೇಳಿಸಿತು. ಆತ ಸವಣೂರಿನಿಂದ ವರ್ಗವಾಗಿ ಹಾನಗಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ನಾಗಪ್ಪನೂ ಅವನ ಜೊತೆಗೇ ಬಂದವನು. ಹಿರೇಕೆರೂರಿನ ಕಡೆಯ ಹಳ್ಳಿಯೊಂದರಲ್ಲಿ ತಂದೆಯಿಲ್ಲದೆ ಬೆಳೆದ ಭರಮಪ್ಪನಿಗೆ, ಹೆಂಗಸೊಬ್ಬಳು ಬಸ್ಸು ಹತ್ತಿ ಠಾಣೆಗೆ ಬರುವ ಮೊದಲು ಎಷ್ಟು ರಾತ್ರಿ ನಿದ್ದೆಗೆಟ್ಟಿರುತ್ತಾಳೆ ಎಂಬುದು ತನ್ನ ತಾಯಿಯಿಂದ ಗೊತ್ತಿತ್ತು.

"ಒಳಗ ಬರ್ರಿ, ಕುಂತ್ಕೋರಿ. ಒಡದ ಹೆಂಚು ನಿಮಗ್ಯಾಕ ಬೇಕಾಗಿದ್ವು?"

ಅವಳು ಕಾಗದ ಬಿಚ್ಚಿದಳು. ಅದು ಹುಬ್ಬಳ್ಳಿಯ ವಿಮೆ ಕಂಪನಿಯೊಂದರ ಪತ್ರ. ಹೆಸರು ಅನ್ನವ್ವ. ಗಂಡ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಗೆ ಬೆಂಕಿ ಬಿದ್ದರೆ, ಬಿರುಗಾಳಿ ಬಡಿದರೆ ಪರಿಹಾರ ಸಿಗುವಂಥ ವಿಮೆಯನ್ನು ೧೯೫೨ರಲ್ಲಿ ಆತನೇ ಮಾಡಿಸಿದ್ದ. ಮೇ ಎರಡರ ಸಂಜೆಯ ಗಾಳಿಗೆ ಪಡಸಾಲೆಯ ಹೆಂಚೆಲ್ಲ ಹಾರಿ ಅಂಗಳಕ್ಕೆ ಬಿದ್ದವು. ಮಗಳು ಕರೆವ್ವ ಬಾಣಂತಿ. ಈಗ ತಾಯಿ, ಮಗಳು, ಕೂಸು, ಮೂವರೂ ಅಡುಗೆಮನೆಯಲ್ಲೇ ಮಲಗುತ್ತಿದ್ದರು. ಸರ್ವೆಯರ್ ಹದಿನೇಳರಂದು ಬರುವುದಾಗಿಯೂ, ಅಲ್ಲಿಯವರೆಗೆ ಒಡೆದ ಹೆಂಚನ್ನು ಎಸೆಯಬಾರದೆಂದೂ ಪತ್ರದಲ್ಲಿತ್ತು. ಹೆಂಚು ಕಾಣದಿದ್ದರೆ ಕ್ಲೇಮು ಇಲ್ಲ.

"ಕೂಸಿಗೆ ಜ್ವರ ಬಂದು ಇಲ್ಲೇ ಹಾನಗಲ್ಲ ದವಾಖಾನಿಗೆ ಬಂದಿದ್ವಿರಿ, ಹನ್ನೊಂದಕ್ಕ. ನಿನ್ನೆ ಸಂಜಿಕೆ ಹೋಗಿ ನೋಡಿದ್ರ ಅಂಗಳ ಖಾಲಿ. ಮಿರಗದ ಮಳಿಗೆ ಇನ್ನ ಇಪ್ಪತ್ತೈದು ದಿನಾನೂ ಇಲ್ಲ ಸಾಹೇಬ್ರ. ಸೂರಿಲ್ದ ಆ ಕೂಸು ಹೆಂಗ ಉಳದೀತು?"

"ಮನಿ ಕೀಲಿ ಯಾರ ಕಡೆ ಇತ್ತು?"

"ಹಿಂದಿನ ಓಣಿ ಹೊಳೆವ್ವನ ಕಡೆ. ಖಾನಾವಳಿ ನಡಸ್ತಾಳ. ನಾವಿಬ್ರೂ ಒಂದ ವರ್ಷ ಮದಿವ್ಯಾಗಿ ಈ ಊರಿಗೆ ಬಂದಾವ್ರು. ಆಕಿ ಮ್ಯಾಲೆ ಸಂಶೇ ಬ್ಯಾಡ್ರಿ."

"ನಿಮ್ಮ ಹೆಂಚಿಗೆ ಗುರುತೇನು? ಕಾರಖಾನಿ ಮುದ್ರಿ ಎಲ್ಲಾದಕ್ಕೂ ಒಂದ ಇರತೈತಿ."

ಅನ್ನವ್ವ ಮೊದಲ ಸಲ ಸ್ವಲ್ಪ ನಕ್ಕಳು. "ನಮ್ಮವಕ್ಕ ಒಳಮಗ್ಗಲ ಸುಣ್ಣ ಐತ್ರಿ. ನಮ್ಮ ಮನಿಯವ್ರು ಧಾರವಾಡದಾಗ ಯಾವದೋ ಕಚೇರಿ ನೋಡಿ ಬಂದು, ನಮ್ಮ ಪಡಸಾಲಿನೂ ಬೆಳ್ಳಗಾಗಬೇಕು ಅಂದ್ರು. ನಿಚ್ಚಣಿಕಿ ಮ್ಯಾಲೆ ಹಲಗಿ ಹಾಕಿ ಅಂಗಾತ ಮಲಗಿ ತಾವ ಹಚ್ಚಿದ್ರು. ಕಣ್ಣಾಗೆಲ್ಲ ಸುಣ್ಣ. ಊರ ಮಂದಿ ನಕ್ಕಿದ್ದ ನಕ್ಕಿದ್ದು."

ಎಫ್ಐಆರ್ ನಂಬರ್ ೩೭/೬೩ ದಾಖಲಾಯಿತು. 'ಮಾಲಿನ ಬೆಲೆ' ಎಂಬಲ್ಲಿ ಏನು ಬರೆಯಲೆಂದು ನಾಗಪ್ಪ ತಲೆಯೆತ್ತಿದ. "ಖಾಲಿ ಬಿಡು" ಎಂದ ಭರಮಪ್ಪ.

ಹನ್ನೊಂದೂವರೆಗೆ ಅಕ್ಕಿಆಲೂರಿನಲ್ಲಿ ಸ್ಥಳ ಪಂಚನಾಮೆ. ಪಂಚರಲ್ಲಿ ಒಬ್ಬಳು ಎದುರುಮನೆಯ ಬಳೆಗಾರ್ತಿ ಹುಸೇನಬಿ. ಹನ್ನೊಂದರ ಸಂಜೆ ನಾಲ್ಕು ಹನಿ ಬಿದ್ದು ಅಂಗಳ ಮೆತ್ತಗಾಗಿತ್ತಂತೆ. ಆದರೂ ಅಲ್ಲಿ ಗಾಡಿಯ ಚಕ್ರದ ಗುರುತಿರಲಿಲ್ಲ, ಎತ್ತಿನ ಗೊರಸಿನ ಗುರುತೂ ಇರಲಿಲ್ಲ. ಹಿತ್ತಲ ಬಾಗಿಲಿನಿಂದ ಹಿಂದಿನ ಓಣಿಯವರೆಗೆ ಮಾತ್ರ ಹೆಂಚಿನ ಚೂರು ಅಲ್ಲಲ್ಲಿ ಉದುರಿದ್ದವು. ಬೇಲಿಯ ಬುಡದಲ್ಲಿ ನಾಗಪ್ಪನಿಗೆ ಒಂದು ಸಿಂಬಿ ಸಿಕ್ಕಿತು. ಹಸಿರು ಸೀರೆಯ ಕೆಂಪು ಅಂಚನ್ನು ಸುತ್ತಿ ಮಾಡಿದ್ದು.

"ತಲಿಮ್ಯಾಲೆ ಬುಟ್ಟಿ ಹೊತ್ತು ಒಯ್ದಾರ್ರಿ ಸಾಹೇಬ್ರ. ಏನಿಲ್ಲಂದ್ರೂ ಇಪ್ಪತ್ತು ಬುಟ್ಟಿ."

ಭರಮಪ್ಪ ಸಿಂಬಿಯನ್ನು ಮೂಗಿನ ಹತ್ತಿರ ಹಿಡಿದ. ಬೆಳ್ಳುಳ್ಳಿ, ಗುರೆಳ್ಳು ಚಟ್ನಿಯ ವಾಸನೆ. ಅದನ್ನು ಕಾಗದದಲ್ಲಿ ಸುತ್ತಿಸಿ ಪಂಚರ ಸಹಿ ಹಾಕಿಸಿದ.

ಊರವರು ಗುದ್ಲೆಪ್ಪನ ಹೆಸರು ಹೇಳಿದರು. ಆತ ಹೆಂಚು ಹೊದಿಸುವವನು. ಒಡೆದ ಹೆಂಚನ್ನು ಕುಟ್ಟಿ ಪುಡಿ ಮಾಡಿ ಗಾರೆಗೆ ಬೆರೆಸುವುದು ಅವನೊಬ್ಬನಿಗೇ ಗೊತ್ತು.

"ಕುಟ್ಟಾಕ ಒಯ್ದಿಯೇನು?" ಭರಮಪ್ಪ ಕೇಳಿದ.

"ಮೂರ ಸಂಜಿ ಗಾಳಿ ಬೀಸಿದ್ರ ಊರ ಹೆಂಚೆಲ್ಲ ನನ್ನ ಬಾಗಿಲಿಗೆ ಬಂದು ಬೀಳ್ತಾವ್ರಿ. ನಾ ಯಾಕ ಕದಿಯಾಕ ಹೋಗ್ಲಿ? ಹಿತ್ತಲಾ ನೋಡ್ರಿ, ರಾಶಿ ಐತಿ. ಬೇಕಾದ್ರ ನೀವ ಒಂದ ಗಾಡಿ ಒಯ್ರಿ, ಠಾಣೆಕ್ಕ ಚಲೋ ಆಕ್ಕೈತಿ."

ಆ ರಾಶಿಯಲ್ಲಿ ಸುಣ್ಣ ಹಚ್ಚಿದ ಒಂದು ಚೂರೂ ಇರಲಿಲ್ಲ.

ಒಂದೂವರೆಗೆ ಇಬ್ಬರೂ ಹೊಳೆವ್ವನ ಖಾನಾವಳಿಗೆ ಊಟಕ್ಕೆ ಹೋದರು. ಅಲ್ಲಿಯೂ ಸೂರು ಹಾರಿತ್ತು. ಮೇಲೆ ತಾಡಪತ್ರಿ ಕಟ್ಟಿದ್ದರು. ಎರಡು ಒಲೆ ಉರಿಯುತ್ತಿದ್ದವು. ನಲವತ್ತೈದು ದಾಟಿದ ಗಟ್ಟಿ ಹೆಂಗಸು ಹೊಳೆವ್ವ. ರೊಟ್ಟಿ ಬಡಿಯುತ್ತಲೇ, "ಕುಂತ್ಕೋರಿ, ಬಿಸೇವು ಇಳಸ್ತೇನಿ" ಎಂದಳು. ತಾಟು ಒರೆಸಿದ ಅರಿವೆ ಹಸಿರು. ಅದರ ಒಂದು ಮಗ್ಗುಲಿನ ಅಂಚು ಹರಿದಿತ್ತು.

ಭರಮಪ್ಪ ಅರಿವೆ ನೋಡುತ್ತಲೇ ರೊಟ್ಟಿ ಮುರಿದ. ಆ ರೊಟ್ಟಿ ಅವನ ತಾಯಿ ಬಡಿದ ರೊಟ್ಟಿಯ ಹಾಗೆಯೇ ಇತ್ತು, ನಡುವೆ ತೆಳ್ಳಗೆ, ಅಂಚಿನಲ್ಲಿ ತುಸು ದಪ್ಪ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಗೋಣಿತಟ್ಟಿನ ಕೆಳಗೆ ಹೆಂಚಿನ ರಾಶಿ ಕಾಣಿಸಿತು. ಎಲ್ಲವೂ ಒಳಮಗ್ಗುಲು ಕಪ್ಪು.

"ನಿಮ್ಮವೂ ಹಾರಿದ್ವೇನು?"

"ಹೌದ್ರಿ. ನಮ್ಮದೂ ಇಮಿ ಐತಿ. ಶುಕ್ರವಾರ ಕಂಪನಿ ಸರ್ವೇರ ನಮ್ಮ ಮನಿಗೂ ಬರ್ತಾನ." ಅವಳು ಒಲೆಯ ಕಡೆ ನೋಡುತ್ತಾ ಹೇಳಿದಳು.

"ಒಲಿ ಎಷ್ಟು ವರ್ಷದಿಂದ ಉರೀತೈತಿ?"

"ಹನ್ನೆರಡು ವರ್ಷಾತ್ರಿ. ಒಂದ ದಿನಾನೂ ಕೆಂಡ ಆರಿಲ್ಲ."

ಭರಮಪ್ಪ ಒಂದು ಚೂರನ್ನು ಎತ್ತಿಕೊಂಡು ಬೆರಳಾಡಿಸಿದ. ಬೆರಳು ಕಪ್ಪಾಯಿತು.

ಎಷ್ಟೋ ವರ್ಷಗಳ ಹಿಂದಿನ ದೀಪಾವಳಿಗಳು ಒಮ್ಮೆಲೇ ನೆನಪಾದವು. ಹಬ್ಬದ ಮುಂದೆ ಅವ್ವ ಅವನನ್ನು ಹೆಗಲ ಮೇಲೆ ನಿಲ್ಲಿಸಿಕೊಂಡು, ಅಡುಗೆಮನೆಯ ಸೂರಿನ ಮಸಿ ತೆಗೆಸುತ್ತಿದ್ದಳು. ಬೂದಿ ಹಚ್ಚಿ, ತೆಂಗಿನ ಚಿಪ್ಪಿನಿಂದ ಕೆರೆದರೂ ಬರುತ್ತಿರಲಿಲ್ಲ. ಒಗ್ಗರಣೆಯ ಎಣ್ಣೆ, ಹೊಗೆ ಸೇರಿ ಅದು ಡಾಂಬರಿನಂತೆ ಹೆಪ್ಪುಗಟ್ಟಿರುತ್ತಿತ್ತು. "ಬಿಡೋ ಭರಮಾ, ಇದು ನಿಮ್ಮಜ್ಜಿ ಕಾಲದ್ದು, ಹಿಂಗ ಹೋಗೂದಲ್ಲ" ಎಂದು ಅವ್ವ ನಗುತ್ತಿದ್ದಳು. ಹನ್ನೆರಡು ವರ್ಷ ರೊಟ್ಟಿ ಬಡಿದ ಮನೆಯ ಮಸಿ ಒಂದು ಬೆರಳಿಗೆ ಹೀಗೆ ಬರುವುದಿಲ್ಲ. ಇದು ಎರಡು ದಿನದ ಮಸಿ.

ಉಗುರಿನಿಂದ ಕೆರೆದ. ಕಪ್ಪಿನ ಕೆಳಗೆ ಸುಣ್ಣ ಕಂಡಿತು.

ಚೂರನ್ನು ರಾಶಿಯ ಮೇಲೇ ಇಟ್ಟು ಭರಮಪ್ಪ ಹೊರಗೆ ಬಂದ. ನಾಗಪ್ಪನನ್ನು ಓಣಿಯ ತುದಿಯಲ್ಲಿ ನಿಲ್ಲಿಸಿ, ತಾನು ಮತ್ತೆ ಗುದ್ಲೆಪ್ಪನ ಬಳಿಗೆ ಹೋದ.

"ಹೊಳೆವ್ವನ ಮನಿಗೆ ಹೆಂಚು ಹೊದಿಸಿದಾಂವ ನೀನ ಏನು?"

ಗುದ್ಲೆಪ್ಪ ನಗತೊಡಗಿದ. "ಹೊಳೆವ್ವಂದು ಹೆಂಚಿನ ಮನಿ? ಯಾವಾಗರಿ? ಅದು ಹುಲ್ಲಿನ ಮನಿ, ಊರಿಗೆಲ್ಲ ಗೊತ್ತೈತಿ. ಮ್ಯಾಲೆ ನೋಡ್ರಿ, ಬಿದಿರಗಳ ಐತಿ, ಹೆಂಚು ಕುಂಡ್ರಿಸಾಕ ಒಂದ ರೀಪಿಲ್ಲ." ಆಮೇಲೆ ನಗು ನಿಲ್ಲಿಸಿ ದನಿ ತಗ್ಗಿಸಿದ. "ಆಕಿ ಗಂಡ ಪರಮೇಶಪ್ಪ ಒಮ್ಮೆ ನನ್ನ ಕರಕೊಂಡು ಹೋಗಿ ಅಳತಿ ಹಿಡಿಸಿದ್ದ. ಐವತ್ತೆರಡರಾಗ. ಆ ಮಳಿಗಾಲದಾಗ ಹೋಗಿಬಿಟ್ಟ ಪಾಪ."

"ಯಾಕ ಮೊದಲ ಹೇಳಲಿಲ್ಲ?"

"ನೀವು ಕೇಳಿದ್ದು ನನ್ನ ಹಿತ್ತಲದ್ದು, ಸಾಹೇಬ್ರ."

ಸಂಜೆ ನಾಲ್ಕಕ್ಕೆ ಹುಸೇನಬಿಯನ್ನೂ ಇನ್ನೊಬ್ಬ ಪಂಚನನ್ನೂ ಕರೆದುಕೊಂಡು ಭರಮಪ್ಪ ಖಾನಾವಳಿಗೆ ಬಂದ. ಕಾಗದ ಬಿಚ್ಚಿ ಸಿಂಬಿಯನ್ನು ತಾಟಿನ ಅರಿವೆಯ ಪಕ್ಕ ಇಟ್ಟ. ಹೊಳೆವ್ವ ಎರಡನ್ನೂ ನೋಡಿದಳು. ಕೈಯಲ್ಲಿದ್ದ ಹಿಟ್ಟನ್ನು ಉದುರಿಸಿ, ಪರಾತದ ಅಂಚಿಗೆ ಒರೆಸಿದಳು.

"ಹೆಂಚು ಅನ್ನವ್ವನವಲ್ಲ?"

"ಹೌದ್ರಿ."

"ಯಾವಾಗ ತಂದಿ?"

"ಹನ್ನೆರಡಕ್ಕ. ನಸುಕಿನ್ಯಾಗ ಹತ್ತು ಬುಟ್ಟಿ, ಸಂಜಿಕೆ ಹನ್ನೆರಡು."

"ಮಸಿ?"

"ಅಡಗಿ ಮನಿ ಹೆಂಚು ಬೆಳ್ಳಗಿದ್ರ ಸರ್ವೇರ ನಂಬ್ತಾನೇನ್ರಿ? ಹಸಿ ಕಟಗಿ ಹಾಕಿ ಹೊಗಿ ಹಿಡಿಸಿದ್ನಿ."

"ಬಾಣಂತಿ, ಕೂಸು ನೆನಪಾಗಲಿಲ್ಲೇನು?"

ಅವಳು ಬುಟ್ಟಿಯಿಂದ ಎರಡು ರೊಟ್ಟಿ ತೆಗೆದಳು. "ಬಸ್ ಕಂಡಕ್ಟರಗ ಎರಡು ರೊಟ್ಟಿ ಕಟ್ಟಿ ಕೊಡ್ತೇನಂತ ಹೇಳಿದ್ನಿ. ಕೊಟ್ಟು ಬರ್ಲೇನ್ರಿ?" ಎಂದಳು.

ಭರಮಪ್ಪ ಒಪ್ಪಿದ. ಅವಳು ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ಸಂಜೆ ಐದೂ ಇಪ್ಪತ್ತಕ್ಕೆ ಅವಳನ್ನು ದಸ್ತಗಿರಿ ಮಾಡಲಾಯಿತು. ಆಗಿನ್ನೂ ನಮ್ಮ ಕಡೆಯ ಠಾಣೆಗಳಲ್ಲಿ ಹೆಣ್ಣು ಪೊಲೀಸರಿರಲಿಲ್ಲ. ಹುಸೇನಬಿಯೇ ಬಳೆಯ ಮಲಾರ ಮನೆಯಲ್ಲಿಟ್ಟು, ಬಸ್ಸಿನಲ್ಲಿ ಅವಳ ಪಕ್ಕ ಕುಳಿತು ಹಾನಗಲ್ಲಿನವರೆಗೆ ಬಂದಳು.

ಹೊಳೆವ್ವನಿಂದ ಜಪ್ತಾದದ್ದು ಹೆಂಚಿನ ಜೊತೆಗೆ ಒಂದು ತಗಡಿನ ಡಬ್ಬಿ. ಅದರೊಳಗೆ ವಿಮೆಯ ಹನ್ನೊಂದು ರಸೀದಿಗಳಿದ್ದವು. ಪ್ರತಿಯೊಂದರ ಮೂಲೆಯಲ್ಲಿ ಒಂದೊಂದು ಅರಿಸಿನದ ಬೊಟ್ಟು.

"ಇವು ಯಾಕ ಇಟ್ಟಿದ್ದಿ?" ಠಾಣೆಯಲ್ಲಿ ಭರಮಪ್ಪ ಕೇಳಿದ.

ಹೊಳೆವ್ವ ನೆಲ ನೋಡುತ್ತಾ ಹೇಳತೊಡಗಿದಳು. "ಇಮಿ ಏಜಂಟ ಊರಿಗೆ ಬಂದಾಗ ಅನ್ನವ್ವನ ಗಂಡ, ನಮ್ಮಾಂವ ಒಂದ ಕಟ್ಟಿ ಮ್ಯಾಲೆ ಕುಂತು ಸಹಿ ಮಾಡಿದ್ರು. ಹುಲ್ಲಿನ ಮನಿಗೆ ಇಮಿ ಇಲ್ಲ ಅಂದಾಂವ ಏಜಂಟ. ನಮ್ಮಾಂವ, ಬರೂ ತಿಂಗಳಾ ಹೆಂಚು ಬರ್ತಾವು, ಹೆಂಚಿನ ಮನಿ ಅಂತ ಬರಕೋರಿ ಅಂದ. ಬರೂ ತಿಂಗಳಾ ಅವನ ಇರಲಿಲ್ಲ. ಹೋಗೂ ಮುಂದ ಕೈ ಹಿಡದು, ನಿನ್ನ ಹುಲ್ಲಿನ ಮನ್ಯಾಗ ಬಿಟ್ಟು ಹೊಂಟ್ನೆಲ್ಲ ಅಂತ ಅತ್ತ."

ನಾಗಪ್ಪನ ಟಾಕು ನಿಂತಿತು.

"ವರ್ಷಾ ಯುಗಾದಿ ಮುಂದ ಇಮಿ ರೊಕ್ಕ ಕಟ್ಟಿದ ರಸೀದಿ ಬರ್ತಿತ್ತು. ನನಗ ಓದಾಕ ಬರೂದಿಲ್ರಿ. ಊಟಕ್ಕ ಬಂದ ಕಂಡಕ್ಟರ ಕಡೆ ಓದಿಸ್ತಿದ್ನಿ. 'ಪರಮೇಶಪ್ಪನ ಹೆಂಡತಿ ಹೊಳೆವ್ವ, ಹೆಂಚಿನ ಮನೆ.' ಒಮ್ಮೆ ಓದಿದ್ರ ಇನ್ನೊಮ್ಮೆ ಓದಂತಿದ್ನಿ. ಮಳಿಗೆ ಹುಲ್ಲು ಸೋರಿದ್ರೂ ಅದನ್ನ ನೆನಸಿ ಮಲಗ್ತಿದ್ನಿ. ಆ ಕಾಗದದಾಗರ ಅವನ ಮಾತು ಉಳದಿತ್ರಿ. ಈಗ ಸರ್ವೇರ ಬಂದು ನೋಡಿ, ಇದು ಹುಲ್ಲಿನ ಮನಿ ಅಂತ ಆ ಮಾತಿಗೆ ಕಾಟ ಹೊಡದು ಹೋದ್ರ..."

ಆಸೆಪಟ್ಟದ್ದು ಪರಿಹಾರಕ್ಕಷ್ಟೇ ಅಲ್ಲ ಎಂದು ಭರಮಪ್ಪನಿಗೆ ಅರ್ಥವಾಯಿತು. ಹೇಳಿಕೆಯಲ್ಲಿ ಮಾತ್ರ, 'ಕಂಪನಿಯನ್ನು ವಂಚಿಸುವ ಉದ್ದೇಶದಿಂದ' ಎಂದೇ ಬರೆಸಬೇಕಾಯಿತು. ಕಾಗದಕ್ಕೆ ಬೇರೆ ಮಾತು ಗೊತ್ತಿರಲಿಲ್ಲ.

ಮರುದಿನ ಬುಧವಾರ ಹೆಂಚನ್ನು ತಾಬಾ ಪಾವತಿ, ಅಂದರೆ ವಶಕ್ಕೆ ಪಡೆದ ರಸೀದಿ, ಬರೆಸಿಕೊಂಡು ಅನ್ನವ್ವನಿಗೆ ಕೊಡಲು ಮ್ಯಾಜಿಸ್ಟ್ರೇಟರ ಆದೇಶವಾಯಿತು. ಶುಕ್ರವಾರ ಸರ್ವೆಯರ್ ನೋಡುವುದಕ್ಕೆ ಅದು ಮತ್ತೆ ಅದೇ ಅಂಗಳದಲ್ಲಿರಬೇಕು. ಸಹಿ ಮಾಡಲು ಬಂದ ಅನ್ನವ್ವ, ಮ್ಯಾಜಿಸ್ಟ್ರೇಟರ ಕಚೇರಿಯ ಜಗುಲಿಯಲ್ಲಿ ಹುಸೇನಬಿಯ ಪಕ್ಕ ಕುಳಿತಿದ್ದ ಹೊಳೆವ್ವನ ಮುಂದೆ ನಿಂತಳು. ಭರಮಪ್ಪ ಕಂಬದ ಮರೆಯಲ್ಲಿದ್ದ.

"ಹೆಂಚು ಬೇಕಂತ ನನ್ನ ಯಾಕ ಕೇಳಲಿಲ್ಲಬೇ?"

"ಏನಂತ ಕೇಳ್ಲಿ? ನೀ ಹೆಂಚಿನ ಮನ್ಯಾಕಿ, ಅನ್ನವ್ವಾ."

ಅನ್ನವ್ವ ಸೆರಗು ಹೊದ್ದುಕೊಂಡಳು. ಹೊರಟು ಎರಡು ಮೆಟ್ಟಿಲು ಇಳಿದವಳು ಅಲ್ಲೇ ನಿಂತಳು. ತಿರುಗದೆಯೇ ಕೇಳಿದಳು:

"ಒಲಿಗೆ ನೀರ ಹಾಕಿ ಬಂದಿಯೇನು?"

"ಇಲ್ಲ. ಬೂದಿ ಮುಚ್ಚೇನಿ."

ಹನ್ನೆರಡು ವರ್ಷ ಆರದ ಕೆಂಡ ಅದು. ಬೂದಿಯ ಕೆಳಗೆ ಇನ್ನು ಎಷ್ಟು ಹೊತ್ತು ಉಳಿದೀತೆಂದು ಇಬ್ಬರಿಗೂ ಗೊತ್ತಿತ್ತು.

ಅನ್ನವ್ವ ಹಿಂದಿರುಗಿ ಬಂದು ಕೈ ಚಾಚಿದಳು. ಹೊಳೆವ್ವ ಸೆರಗಿನ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ಕಡೆಗೆ ಅನ್ನವ್ವನೇ ಬಗ್ಗಿ, ಹಲ್ಲಿನಿಂದ ಗಂಟು ಸಡಿಲಿಸಿ, ಕೀಲಿಕೈ ತೆಗೆದುಕೊಂಡಳು.