ಮೆತ್ತಗಾದ ಮಂಡಕ್ಕಿ

"ಅವನ್ಯಾರು ಅಂತ ಹುಡುಕಿ ಕೊಡ್ರಿ ಅಮ್ಮಾರೆ. ಮುಂದಿಂದು ನಾ ನೋಡ್ಕೊಂತೀನಿ. ನನ್ನ ಹತ್ರ ಭಟ್ಟಿ ಐತೆ, ಬೆಂಕಿ ಐತೆ."

ಹಮ್ಜಾ ಸಾಬರು ಚಪ್ಪಲಿ ಬಿಡುವ ಮೊದಲೇ ಆಡಿದ ಮಾತಿದು. ನಲವತ್ತು ವರ್ಷ ಮಂಡಕ್ಕಿ ಭಟ್ಟಿಯ ಮುಂದೆ ನಿಂತು ಗಟ್ಟಿಯಾದ ಮನುಷ್ಯ, ಅವತ್ತು ನಮ್ಮ ಪಡಸಾಲೆಯಲ್ಲಿ ಚಪ್ಪಲಿ ಬಿಡಲೂ ಮರೆತು ನಿಂತಿದ್ದರು.

ನಮ್ಮ ಪಡಸಾಲೆ ಎಂದರೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಅಕ್ಕನಾಗಮ್ಮನವರದು; ನನ್ನ ಬಾಯಲ್ಲಿ ಅವರು ಅಮ್ಮ. ಅವರು ಹರಿಹರದ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದಾಗ ನಾನು ಅಲ್ಲೇ ಜವಾನ; ಸಾಕ್ಷಿಗಳ ಹೆಸರನ್ನು ಮೂರು ಸಲ ಕೂಗುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೆ ಅವರು ಊರಿನವರ ಗಂಟುಗಳನ್ನು ಬಿಡಿಸುತ್ತಾರೆ, ನಾನು ಅವರ ಹಳೇ ಕಾರು ಓಡಿಸುತ್ತೇನೆ. ಹೆಸರು ಪರಶುರಾಮ. ಹೆಸರಿಗೆ ತಕ್ಕ ಸಿಟ್ಟೂ ಇದೆ ಎಂದು ಅಮ್ಮ ಹಂಗಿಸುವುದುಂಟು.

"ಕೂಡ್ರಿ ಸಾಬ್ರೆ. ಮೊದ್ಲು ನೀರು ಕುಡೀರಿ, ಕೊಲೆ ಆಮೇಲೆ ಮಾಡೀರಂತೆ" ಎಂದರು ಅಮ್ಮ.

ಸಾಬರು ಹೇಳಿದ್ದು ಇಷ್ಟು. ಅವರ ಭಟ್ಟಿಯ ಖಾರ ಮಂಡಕ್ಕಿಯನ್ನು ಪಾಲುದಾರ ಕರಿಬಸವರಾಜರು ಮಲೇಷ್ಯಾದ ಅಂತಾರಾಷ್ಟ್ರೀಯ ಹಲಾಲ್ ಮೇಳಕ್ಕೆ ಒಯ್ದಿದ್ದರು. ಭಟ್ಟಿ ಬಿಟ್ಟು ಹೋಗಲಾಗದೆ ಸಾಬರು ಊರಲ್ಲೇ ಉಳಿದಿದ್ದರು. ಅಲ್ಲಿನ ದೊಡ್ಡ ಖರೀದಿದಾರನೊಬ್ಬ ಮೆಚ್ಚಿ ಮೂರು ಪೊಟ್ಟಣಗಳನ್ನು ಪರೀಕ್ಷೆಗೆ ಕಳಿಸಿದ. ವಾರದ ಮೇಲೆ ವರದಿ ಬಂತು: ಮೂರರಲ್ಲೂ ಹಂದಿಯ ಕೊಬ್ಬು.

"ಹಲಾಲ್ ಕಾಗದಕ್ಕೆ ಭಟ್ಟಿ ಕಡೆಯಿಂದ ರುಜು ಹಾಕಿದೋನು ನಾನು ಅಮ್ಮಾರೆ. ಇದರೊಳಗೆ ಕಲಬೆರಕೆ ಇಲ್ಲ ಅಂತ ಮಾತು ಕೊಟ್ಟೋನು ನಾನು. ಪ್ರತಿ ಶುಕ್ರವಾರ ಮಸೀದಿ ಮುಂದೆ ಹಂಚೋಕೆ ನನ್ನ ಮಂಡಕ್ಕಿ ಹೋಗ್ತಿತ್ತು. ಮೊನ್ನೆ ಚೀಲ ಬಿಚ್ಚದಂಗೆ ವಾಪಸ್ ಬಂತು. ನನ್ನ ಸೊಸೆ ಕೂಡ ನನ್ನ ಮುಖ ನೋಡಿ ಮಾತಾಡ್ತಿಲ್ಲ."

"ನಿಮ್ಮ ಪಾಲುದಾರರು ಏನಂತಾರೆ?"

"ಅವರು ದೇವರಂಥೋರು. ಹನ್ನೊಂದು ವರ್ಷದ ಹಿಂದೆ ಅವರ ತಮ್ಮ ಬಸವಕಿರಣ್ ಕುಡಿದು ಜೀಪು ಓಡಿಸಿ, ಸಾರಥಿ ಹಳ್ಳಿಯ ದುರುಗಮ್ಮನ ಮೇಲೆ ಹತ್ತಿಸಿ ಸಾಯಿಸಿದ್ದ. ಹಿಂದೆ ಬರ್ತಿದ್ದ ನಾನು ಕೋರ್ಟಲ್ಲಿ ಕಂಡಿದ್ದು ಹೇಳಿದೆ. ನೀವೇ ಪ್ರಮಾಣ ಮಾಡಿಸಿದ್ರಿ. ಅವನು ಜೈಲಲ್ಲೇ ಕಾಮಾಲೆಯಾಗಿ ತೀರ್ಕೊಂಡ. ಆದ್ರೂ ಮರುವರ್ಷ ಅವರೇ ಬಂದು, 'ಬಾ ಹಮ್ಜಾ, ಕೂಡಿ ವ್ಯಾಪಾರ ಮಾಡೋಣ' ಅಂದ್ರು."

ಅಮ್ಮ ನೀರಿನ ಲೋಟವನ್ನು ಅವರ ಕಡೆ ಸರಿಸಿದರು. "ಒಂದು ಷರತ್ತು. ನಾ ಹೇಳಿ ಮುಗಿಸೋ ತನಕ ನೀವು ಕೈ ಎತ್ತಬಾರದು."

"ಮುಗಿದ ಮೇಲೆ?"

"ನಿಮ್ಮಿಷ್ಟ."

ಈ ಷರತ್ತು ನನಗೇನೋ ಮೆಚ್ಚುಗೆಯಾಯಿತು. ಒಬ್ಬನ ಅನ್ನಕ್ಕೂ ದೇವರಿಗೂ ಒಟ್ಟಿಗೇ ಹೊಲಸು ಹಚ್ಚಿದವನಿಗೆ ನಾಲ್ಕು ಬಿದ್ದರೆ ತಪ್ಪೇನು?

ಕೆ.ಬಿ. ಬಡಾವಣೆಯಲ್ಲಿ ಕರಿಬಸವರಾಜರದು ಕೆಳಗೆ ಮಂಡಕ್ಕಿ ಅಂಗಡಿ, ಮೇಲೆ ಕಚೇರಿ. ಹಣೆಯಲ್ಲಿ ವಿಭೂತಿ, ಮೈಮೇಲೆ ಮಡಿಕೆ ಮುರಿಯದ ಬಿಳಿ ಅಂಗಿ. ನಮ್ಮನ್ನು ಕಂಡು ದುಡ್ಡು ಎಣಿಸುವ ಗಲ್ಲೆಯಿಂದ ಇಳಿದು ಬಂದರು.

"ಬರ್ರಿ ಅಕ್ಕಾರೆ. ಲಕ್ಷಾಂತರದ ವ್ಯವಹಾರ ಹೋತು, ಹೋಗ್ಲಿ. ಹಮ್ಜಾನ ಗತಿ ನೋಡಿದ್ರೆ ಕರುಳು ಚುರ್ ಅಂತೈತೆ. ಎಣ್ಣೆ ತರೋವಾಗ ಎಲ್ಲೋ ಮೋಸ ಹೋಗ್ಯಾನೆ ಪಾಪ." ಮಾತಾಡುತ್ತಲೇ ತಾವೇ ಸೇರು ಹಿಡಿದು ನನಗೊಂದು ಕಾಗದದ ತುಂಬ ಮಂಡಕ್ಕಿ ಅಳೆದು, ಮೇಲೊಂದು ಹಿಡಿ ಹಾಕಿದರು. "ಹತ್ತನೇ ವಯಸ್ಸಿಂದ ಸೇರು ಹಿಡಿದ ಕೈ ಇದು. ತಿನ್ನಪ್ಪ."

ಇಂಥ ಧಾರಾಳಿ ಕೆಟ್ಟವನಾಗಿರಲು ಸಾಧ್ಯವೇ ಇಲ್ಲ ಎಂದು ನಾನು ತಿನ್ನುತ್ತಲೇ ತೀರ್ಮಾನಿಸಿದೆ. ಗಲ್ಲೆಯ ಹಿಂದೆ ತಮ್ಮನ ಪಟವಿತ್ತು. ಅದರ ಹಾರ ಅಂದಿನ ಬೆಳಗಿನದು, ಮಲ್ಲಿಗೆ ಇನ್ನೂ ಅರಳುತ್ತಿತ್ತು.

ಮೇಲಿನ ಕಚೇರಿಯಲ್ಲಿ ಸಿಕ್ಕಿದವಳು ವಾಣಿಶ್ರೀ, ಪಟದಲ್ಲಿದ್ದ ಬಸವಕಿರಣನ ಮಗಳು. ವಿದೇಶದ ಪತ್ರವ್ಯವಹಾರವೆಲ್ಲ ಅವಳದೇ. ಅಪ್ಪನನ್ನು ಜೈಲಿಗೆ ಕಳಿಸಿದವನ ಹೆಸರು ಕೆಡಿಸಲು ಇವಳಿಗಿಂತ ಹೆಚ್ಚಿನ ಕಾರಣ ಯಾರಿಗಿದೆ ಎಂದು ಅಮ್ಮನ ಕಿವಿಯಲ್ಲಿ ಉಸುರಿದೆ. ಅವರು ನನ್ನ ಕಾಗದದಿಂದ ಎರಡು ಕಾಳು ಎತ್ತಿ ಬಾಯಿಗೆ ಹಾಕಿಕೊಂಡರು.

"ಮೇಳ ಹೆಂಗಿತ್ತಮ್ಮ?"

"ನಾವು ಮೂವರು ಹೋಗಿದ್ವಿ ಅಜ್ಜಿ. ದೊಡ್ಡಪ್ಪ, ನಾನು, ಪ್ಯಾಕಿಂಗ್ ಯಂತ್ರ ನಡೆಸೋ ಎರ್ರಿಸ್ವಾಮಿ. ಎದುರಿಗೆ ತುರ್ಕಿಯೋರ ಮಿಠಾಯಿ, ಪಕ್ಕದಲ್ಲಿ ಇಂಡೋನೇಷ್ಯಾದೋರ ನೂಡಲ್ಸ್. ಎರಡನೇ ದಿನಕ್ಕೆ ನಮ್ಮ ಮಳಿಗೆಗೇ ಸಾಲು. ಹಸಿಮೆಣಸಿನಕಾಯಿ ಕಚ್ಕೊಂಡು ಕಣ್ಣೀರು ಸುರಿಸ್ತಾ ತಿಂದ್ರು! ಸಾಮಾನಿನ ಕೋಣೆಯದೇ ಕಾಟ. ಎ.ಸಿ. ಇಲ್ಲ, ಗೋಡೆ ಬೆವರ್ತಿತ್ತು. ಅಲ್ಲಿ ಪೊಟ್ಟಣ ಒಡೆದ್ರೆ ಕಾಲು ಗಂಟೆಗೆ ಮಂಡಕ್ಕಿ ಮೆತ್ತಗೆ. ಅದಕ್ಕೆ ಬೇಕಾದಷ್ಟೇ ಹಾಲ್‌ಗೆ ತಂದು ಒಡೀತಿದ್ವಿ."

"ಆ ಕೋಣೆ ಕೀಲಿ?"

"ಮೂವರ ಹತ್ರನೂ ಇತ್ತು. ಖರೀದಿದಾರರಿಗೆ ಅಂತ ಇಟ್ಟಿದ್ದ ಕಾರ್ಟನ್‌ನಲ್ಲಿ ಇಪ್ಪತ್ತನಾಲ್ಕು ಪೊಟ್ಟಣ. ಮೇಲಿನ ಸಾಲಿನಿಂದ ಮೂರು ಪರೀಕ್ಷೆಗೆ ಹೋದ್ವು. ಉಳಿದದ್ದನ್ನ ಜೋಪಾನವಾಗಿ ತರೋದು ನನ್ನ ಪದ್ಧತಿ. ಬ್ಯಾಡ, ಬಿಸಾಕು ಅಂತಂದ್ರು ದೊಡ್ಡಪ್ಪ. ನಾನು ಕೇಳಲಿಲ್ಲ."

ಅಮ್ಮ ಆ ಕಾರ್ಟನ್ ಕೇಳಿ ಪಡೆದು ಕಾರಿಗೆ ಹಾಕಿಸಿದರು. ಅಲ್ಲಿಂದ ನೇರ ಹರಿಹರ, ಎರ್ರಿಸ್ವಾಮಿಯ ಮನೆಗೆ. ಇವನ ಮೇಲೆ ನನಗೆ ಮೊದಲೇ ಅನುಮಾನ. ಆರು ತಿಂಗಳ ಹಿಂದೆ ಕುಡಿದು ಬಂದನೆಂದು ಸಾಬರು ಭಟ್ಟಿ ಕೆಲಸದ ಹೆಂಗಸರ ಮುಂದೆ ಕೊರಳಪಟ್ಟಿ ಹಿಡಿದು ಅವತ್ತಿನ ಮಟ್ಟಿಗೆ ಹೊರಗೆ ದಬ್ಬಿದಾಗ, ಅವರ ಭಟ್ಟಿ ಹಾಳಾಗುವುದನ್ನು ಕಣ್ಣಾರೆ ನೋಡುತ್ತೇನೆ ಎಂದು ಶಪಿಸಿದವನು. ಪೊಟ್ಟಣದ ಬಾಯಿ ಬೆಸೆಯುವ ಕೈಯಂತ್ರವನ್ನು ಮಲೇಷ್ಯಾಕ್ಕೆ ಒಯ್ದವನೂ ಇವನೇ.

"ಯಂತ್ರ ಒಯ್ದಿದ್ದು ನಿಜ. ಸಾಮಾನಿನ ಕೋಣೇಲೇ ಬಿದ್ದಿತ್ತು" ಎಂದ ಎರ್ರಿಸ್ವಾಮಿ. "ಶಾಪ ಹಾಕಿದ್ದೂ ನಿಜ. ಹಂಗಂತ ತಿನ್ನೋ ವಸ್ತುಗೆ ಹೊಲಸು ಹಾಕ್ತೀನೇನ್ರಿ? ಒಂದು ಗ್ರಾಂ ಹೆಚ್ಚುಕಮ್ಮಿ ಆದ್ರೆ ಪೊಟ್ಟಣ ಪಕ್ಕಕ್ಕಿಡೋ ಮನುಷ್ಯ ನಾನು."

"ಕಳ್ಳನ ಬಾಯಲ್ಲಿ ಕಲ್ಲುಸಕ್ಕರೆ" ಎಂದು ನಾನು ತೋಳು ಮಡಚಿದೆ. ಅಮ್ಮ ಕಣ್ಣಲ್ಲೇ ನನ್ನನ್ನು ಕೂರಿಸಿದರು.

ಮನೆಗೆ ಬಂದು ಕಾರ್ಟನ್ ಬಿಚ್ಚಿದೆವು. ಎಣಿಸಿದರೆ ಇಪ್ಪತ್ತೊಂದು ಇರಬೇಕಾದಲ್ಲಿ ಇಪ್ಪತ್ತೇ ಪೊಟ್ಟಣ. ಎಲ್ಲದರ ಮೇಲೂ ನೂರು ಗ್ರಾಂ ಎಂದು ಅಚ್ಚಾಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಹದಿನೇಳು ಪೊಟ್ಟಣಗಳ ತೂಕ ಒಂದೇ. ಮೇಲಿನ ಸಾಲಿನ ಮೂರು ಮಾತ್ರ ಹದಿನೈದು ಗ್ರಾಮಿನಷ್ಟು ಹೆಚ್ಚು. ಅಮ್ಮ ಅವುಗಳಲ್ಲೊಂದನ್ನು ಕತ್ತರಿಸಿ ಒಂದು ಕಾಳನ್ನು ಬೆರಳಲ್ಲಿ ಅದುಮಿದರು, ಹತ್ತಿಯಂತೆ ಮಡಚಿಕೊಂಡಿತು. ತೂಕ ಸರಿಯಿದ್ದ ಪೊಟ್ಟಣದ್ದು ಚಟ್ ಎಂದು ಮುರಿಯಿತು. ಆ ಗರಿಗರಿ ಮಂಡಕ್ಕಿಯನ್ನು ತಟ್ಟೆಗೆ ಸುರಿದು ಜಗುಲಿಯಲ್ಲಿಡಲು ನನಗೆ ಹೇಳಿದರು. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲು ಗೊತ್ತಲ್ಲ. ಸಂಜೆ ಮುಟ್ಟಿದರೂ ಅದು ಗರಿಗರಿಯಾಗೇ ಇತ್ತು.

"ನಾಳೆ ಮೇಳಕ್ಕೆ ಹೋಗಿದ್ದ ಮೂವರನ್ನೂ ಹಮ್ಜಾ ಸಾಬ್ರ ಭಟ್ಟಿಗೆ ಕರಿ" ಎಂದರು ಅಮ್ಮ. "ಭಟ್ಟಿ ಹೆಂಗಸರಿಗೆ ಮಂಡಕ್ಕಿ ಹಂಚೋದೈತೆ ಅನ್ನು."

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹೋದಾಗ, ಎರಡು ವಾರ ತಣ್ಣಗಿದ್ದ ಭಟ್ಟಿಗೆ ಸಾಬರು ಬೆಂಕಿ ಹಾಕಿದ್ದರು. ಮರಳು ಕಾಯುತ್ತಿತ್ತು. ಅವರ ಕೈಯಲ್ಲಿ ಮರಳು ಕೆದಕುವ ಉದ್ದನೆಯ ಕಬ್ಬಿಣದ ಸಟ್ಟುಗವಿತ್ತು, ಅದನ್ನು ಅವರು ಕೆಳಗಿಡಲೇ ಇಲ್ಲ. ನಾನು ಹಳೇ ಅಭ್ಯಾಸದಂತೆ ಮೂವರ ಹೆಸರನ್ನೂ ಮೂರು ಸಲ ಕೂಗಿ ಒಳಗೆ ಕರೆದೆ.

"ತಲಾ ಹತ್ತು ಚೀಲ ತುಂಬ್ರಿ" ಎಂದರು ಅಮ್ಮ, ಮಂಡಕ್ಕಿ ಬುಟ್ಟಿಯನ್ನೂ ಸೇರನ್ನೂ ಮುಂದಿಟ್ಟು. "ಚೀಲಕ್ಕೆ ಒಂದು ಸೇರು."

ವಾಣಿಶ್ರೀ, "ಸೇರಂದ್ರೆ ಎಲ್ಲಿ ತನಕ ತುಂಬಬೇಕು ಅಜ್ಜಿ?" ಎಂದು ಕೇಳಿ ಅಂಚಿಗಿಂತ ಕೆಳಗೇ ನಿಲ್ಲಿಸಿದಳು. ಎರ್ರಿಸ್ವಾಮಿ ಅಂಗೈಯಿಂದ ಮಟ್ಟವಾಗಿ ಸವರಿ ಸುರಿದ. ಕರಿಬಸವರಾಜರು ಭಟ್ಟಿಯ ನಷ್ಟದ ಮಾತಾಡುತ್ತಲೇ ತುಂಬಿದರು. ಪ್ರತಿ ಚೀಲಕ್ಕೂ ಸೇರು ಸುರಿದ ಮೇಲೆ ಅವರ ಎಡಗೈ ತಾನಾಗಿ ಬುಟ್ಟಿಗಿಳಿದು, ಒಂದು ಹಿಡಿ ಎತ್ತಿ ಮೇಲೆ ಹಾಕುತ್ತಿತ್ತು. ಐದನೇ ಚೀಲಕ್ಕೆ ಅಮ್ಮ ಅವರ ಮಣಿಕಟ್ಟು ಹಿಡಿದರು.

"ಇದೇನಿದು ಕರಿಬಸವರಾಜ್ರೆ?"

"ಕೊಸರು ಅಕ್ಕಾರೆ. ಅಳತೆ ಮೇಲೆ ಒಂದು ಹಿಡಿ ಹಾಕದಿದ್ರೆ ಮಂಡಕ್ಕಿ ವ್ಯಾಪಾರ ಆಗ್ತದೇನು?"

"ಮಲೇಷ್ಯಾದಲ್ಲೂ ಹಾಕೀರಿ."

ಭಟ್ಟಿಯಲ್ಲಿ ಕಟ್ಟಿಗೆ ಸಿಡಿಯಿತು. ಅಮ್ಮ ಕೋರ್ಟಿನಲ್ಲಿ ದಾಖಲೆ ಓದುತ್ತಿದ್ದ ದನಿಯಲ್ಲೇ ಶುರುಮಾಡಿದರು.

"ಕೊಬ್ಬು ಈ ಭಟ್ಟಿಯಲ್ಲೇ ಸೇರಿದ್ರೆ ಕಾರ್ಟನ್‌ನ ಅಷ್ಟೂ ಪೊಟ್ಟಣ ಒಂದೇ ಥರ ಇರಬೇಕಿತ್ತು. ಹದಿನೇಳು ಗರಿಗರಿ, ಮೂರು ಮೆತ್ತಗೆ. ಅಂದ್ರೆ, ಪರೀಕ್ಷೆಗೆ ಹೋದವುಗಳ ಸಾಲಿನಲ್ಲೇ ಇದ್ದ ಆ ಮೂರರ ಬಾಯಿ ಒಮ್ಮೆ ತೆರೆದು ಮತ್ತೆ ಬೆಸೆದೈತೆ. ಎಲ್ಲಿ? ನಮ್ಮೂರ ಬಿಸಿಲಲ್ಲಿ ತೆರೆದ್ರೆ ಸಂಜೆ ತನಕ ಮೆತ್ತಗಾಗಲ್ಲ, ಪರಶುರಾಮನ ಕೈಲೇ ನೋಡಿಸೀನಿ. ಗೋಡೆ ಬೆವರೋ ಆ ಕೋಣೇಲಿ ಕಾಲು ಗಂಟೆ ಸಾಕು. ಹಂಗಾಗಿ ಊರಲ್ಲಿದ್ದ ಹಮ್ಜಾ ಸಾಬ್ರು ನಿರಪರಾಧಿ. ಉಳಿದೋರು ಕೀಲಿ ಇದ್ದ ಮೂವರು."

"ಎರ್ರಿಸ್ವಾಮಿನೇ ಯಾಕಲ್ಲ?" ಎಂದೆ, ತಡೆಯಲಾರದೆ.

"ತೂಕ. ಮೆತ್ತಗಾದ ಮೂರೂ ಹದಿನೈದು ಗ್ರಾಂ ಹೆಚ್ಚು. ಸವರಿದ ಕೊಬ್ಬು, ಹೀರಿದ ತೇವ ಸೇರಿ ಹೆಚ್ಚೆಂದ್ರೆ ಐದು ಗ್ರಾಂ; ಕೊಬ್ಬು ಜಾಸ್ತಿಯಾದ್ರೆ ಜಿಡ್ಡು ಕಣ್ಣಿಗೆ ಬೀಳ್ತಿತ್ತು. ಮಿಕ್ಕ ಹತ್ತು? ಒಂದು ಹಿಡಿ ಖಾರ ಮಂಡಕ್ಕಿ. ಅದಕ್ಕೇ ಕಾರ್ಟನ್‌ನಲ್ಲಿ ಒಂದು ಪೊಟ್ಟಣ ಕಮ್ಮಿ. ಆ ಹಿಡಿಗಳೆಲ್ಲ ಅದರೊಳಗಿಂದ ಬಂದಿದ್ದು. ಕಲಸೋಕೆ ಹೊರಗೆ ಸುರಿದದ್ದನ್ನ ವಾಪಸ್ ತುಂಬುವಾಗ ಒಂದು ಹಿಡಿ ಜಾಸ್ತಿ ಯಾರು ಹಾಕ್ತಾರೆ? ಎರ್ರಿಸ್ವಾಮಿ ಗ್ರಾಂ ತಪ್ಪಲ್ಲ. ವಾಣಿಶ್ರೀ ಸೇರು ಹಿಡಿದೋಳೇ ಅಲ್ಲ, ಮೇಲಾಗಿ ತಪ್ಪು ಮಾಡಿದೋಳು ಈ ಕಾರ್ಟನ್ ಹೊತ್ತು ತರ್ತಿರಲಿಲ್ಲ. ಬಿಸಾಕು ಅಂದೋರು ನೀವು. ವಿಷ ಹಾಕುವಾಗಲೂ ನಿಮ್ಮ ಕೈ ಕೊಸರು ಮರೀಲಿಲ್ಲ."

ಕರಿಬಸವರಾಜರು ಮುಖ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ಅವರು ಹಮ್ಜಾರನ್ನೇ ನೋಡುತ್ತ ನಿಂತರು.

"ಹೌದು, ಮಾಡಿದೆ. ಇಷ್ಟು ವರ್ಷ ನಿನ್ನ ಜೊತೆ ಕೂತು ಉಂಡೆ. ಪ್ರತಿ ತುತ್ತಿಗೂ ನನ್ನ ತಮ್ಮನ ಮುಖ ಕಾಣ್ತಿತ್ತು. ನೀನು ಸುಳ್ಳು ಹೇಳಿದ್ರೆ ಯಾವತ್ತೋ ಕ್ಷಮಿಸ್ತಿದ್ದೆ ಹಮ್ಜಾ. ನಿಜ ಹೇಳಿದೆ ನೋಡು, ಅದನ್ನ ತಡಕೊಳ್ಳೋಕೆ ಆಗಲಿಲ್ಲ. ನಿನ್ನ ಮಾತಿಂದ ಅವನು ಸತ್ತ. ಇನ್ಮೇಲೆ ಈ ಊರಲ್ಲಿ ನಿನ್ನ ಮಾತು ಯಾರೂ ನಂಬಬಾರದು ಅಂತ ಕಾದೆ. ಎತ್ತರಕ್ಕೆ ಹತ್ತಿಸಿದೆ, ಬಿದ್ದಾಗ ಮೂಳೆ ಉಳೀಬಾರದು ಅಂತ."

"ನಿಮ್ಮ ವ್ಯಾಪಾರಾನೂ ಹೋತಲ್ರಿ!" ಎಂದ ಎರ್ರಿಸ್ವಾಮಿ.

"ಹೋಗ್ಲಿ!" ಎಂದು ಕರಿಬಸವರಾಜರು ನಕ್ಕರು.

ಎದುರಿನವನ ಶಕುನ ಕೆಡಿಸಲು ತನ್ನ ಮೂಗು ಕೊಯ್ದುಕೊಳ್ಳುವುದು ಎಂದು ಕೇಳಿದ್ದೆ. ಕೊಯ್ದುಕೊಂಡು ಹೀಗೆ ನಗುವವನನ್ನು ಅವತ್ತೇ ಕಂಡದ್ದು.

ವಾಣಿಶ್ರೀ ಅಳುತ್ತಿದ್ದಳು. "ಅಪ್ಪ ಕುಡಿದಿದ್ದು ನನಗೂ ಗೊತ್ತಿತ್ತು ದೊಡ್ಡಪ್ಪ. ದುರುಗಮ್ಮನ ಮಕ್ಕಳನ್ನ ಕೋರ್ಟಲ್ಲಿ ನೋಡಿದ್ದೆ. ನಮ್ಮಪ್ಪನ ಹೆಸರಲ್ಲಿ ಇದನ್ನ ಮಾಡೋಕೆ ನಿಮಗೆ ಯಾರು ಹೇಳಿದ್ರು?" ಆ ಮಾತಿಗೆ ಮಾತ್ರ ಕರಿಬಸವರಾಜರ ಕಣ್ಣು ನೆಲ ನೋಡಿತು.

"ನಾ ಹೇಳೋದು ಮುಗೀತು ಸಾಬ್ರೆ" ಎಂದರು ಅಮ್ಮ.

ಸಾಬರು ಎದ್ದರು. ಸಟ್ಟುಗದ ತುದಿ ಭಟ್ಟಿಯೊಳಗಿದ್ದು ಕೆಂಪಾಗಿತ್ತು. ನಾನು ತಡೆಯಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ತಡೆಯುವ ಮನಸ್ಸಿರಲಿಲ್ಲ. ಅವರು ಹತ್ತಿರ ಬಂದರು. ಕರಿಬಸವರಾಜರು ಕದಲಲಿಲ್ಲ. ಹೊಡೆಯಲಿ ಎಂದೇ ಕಾಯುತ್ತಿದ್ದಂತಿತ್ತು. ಹೊಡೆದರೆ ಜೈಲಿಗೆ ಹೋಗುವವರು ಸಾಬರು. ಹನ್ನೊಂದು ವರ್ಷದ ಲೆಕ್ಕ ಕರಿಬಸವರಾಜರಿಗೆ ಅಲ್ಲೇ ತೀರುತ್ತಿತ್ತು.

ಸಾಬರಿಗೂ ಅದು ಹೊಳೆದಿರಬೇಕು. ಸಟ್ಟುಗವನ್ನು ಮರಳಿಗೆ ಚುಚ್ಚಿ ನಿಲ್ಲಿಸಿದರು.

"ಬೆಂಕಿ ನಿಮಗೆ ಕಮ್ಮಿ ಆಗ್ತದೆ" ಎಂದರು. "ವಾಣಿಶ್ರೀ, ಈಗಲೇ ಬರಿಯಮ್ಮ. ಮಲೇಷ್ಯಾದೋರಿಗೂ, ಹಲಾಲ್ ಕಾಗದ ಕೊಟ್ಟೋರಿಗೂ. ನಿಮ್ಮ ದೊಡ್ಡಪ್ಪ ರುಜು ಹಾಕ್ತಾರೆ. ಬರೋ ಶುಕ್ರವಾರ ಮಸೀದಿ ಮುಂದೆ ನಿಂತು ತಮ್ಮ ಬಾಯಲ್ಲೇ ಹೇಳ್ತಾರೆ. ಆಮೇಲೆ ಪೊಲೀಸು, ಆಮೇಲೆ ಕೋರ್ಟು. ನಿಮ್ಮ ಮನೆಯೋರ ಮೇಲೆ ಇನ್ನೊಂದು ಸಲ ಸಾಕ್ಷಿ ಕಟ್ಟೆ ಹತ್ತೋನು ನಾನೇ ಅಣ್ಣಾರೆ. ನನ್ನ ಮಾತು ಯಾರೂ ನಂಬಬಾರದು ಅಂದ್ರಲ್ಲ, ಅವತ್ತು ಜಡ್ಜು ನಂಬ್ತಾರೆ. ನಡೆದಿದ್ದಷ್ಟೇ ಹೇಳ್ತೀನಿ."

ವಾಣಿಶ್ರೀ ಫೋನಿನಲ್ಲೇ ಪತ್ರ ಬರೆದಳು. ಅದರ ಅಚ್ಚು ತೆಗೆಸಿ ತರಲು ಎರ್ರಿಸ್ವಾಮಿ ಓಡಿದ. ಕರಿಬಸವರಾಜರು ಓದದೆ ರುಜು ಹಾಕಿದರು. ಅದನ್ನು ಕಂಡು ನಾನು ಖುಷಿಪಟ್ಟೆ.

ಕರಿಬಸವರಾಜರು ಹೊರಟಾಗ ಸಾಬರು, "ನಿಲ್ರಿ. ನನ್ನ ಭಟ್ಟಿಯಿಂದ ಯಾರೂ ಬರಿಗೈಲಿ ಹೋಗಿಲ್ಲ" ಎಂದರು. ಸೇರಿಗೆ ಮಂಡಕ್ಕಿ ತುಂಬಿದರು. ಅಂಚಿನ ಮೇಲೆ ಅಂಗೈ ಎಳೆದು ಒಂದು ಕಾಳೂ ಮೇಲುಳಿಯದಂತೆ ಸವರಿದರು. ಚೀಲಕ್ಕೆ ಸುರಿದು ಮುಂದೆ ಚಾಚಿದರು.

ಕರಿಬಸವರಾಜರು ಚೀಲ ತೆಗೆದುಕೊಂಡರೂ ಅದರ ಬಾಯಿ ಮುಚ್ಚಲಿಲ್ಲ. ಹುಟ್ಟಿನಿಂದ ಬಂದ ಅಭ್ಯಾಸ, ಇನ್ನೊಂದು ಹಿಡಿಗಾಗಿ ಹಾಗೇ ಹಿಡಿದು ನಿಂತರು.

ಸಾಬರು ಬುಟ್ಟಿಯ ಮೇಲೆ ಗೋಣಿತಟ್ಟು ಎಳೆದು, ಭಟ್ಟಿಯ ಕಡೆ ತಿರುಗಿಕೊಂಡರು.