ಸೊನ್ನೆಯಾಗದ ಕುರ್ಚಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನಡೆದದ್ದು ಹಾಡಹಗಲೇ, ಜೊತೆಗೆ ನನ್ನ ಭಾವನೂ ಇದ್ದರು.

ಭಾವ ಹಳೆಯ ಸಿನಿಮಾ ಮಂದಿರವೊಂದಕ್ಕೆ ಹೊಸ ಎ.ಸಿ. ಹಾಕಿದ್ದರು. ಜನ ಕೂತ ಕಡೆಗೆ ಮಾತ್ರ ತಂಪು ಹೋಗಲೆಂದು ಪ್ರತಿ ಕುರ್ಚಿಗೂ ಶಾಖ ಅಳೆಯುವ ಸೆನ್ಸರ್ ಇಟ್ಟಿದ್ದರು. ಪ್ರೋಗ್ರಾಮ್ ಬರೆದವಳು ನಾನು. ಇಡೀ ಹಾಲ್ ಒಂದು ಅರೇ, ಅಂದರೆ ಸಾಲುಸಾಲಾಗಿ ಜೋಡಿಸಿದ ಅಂಕಿಗಳ ಪಟ್ಟಿ. ಅದರ ಒಂದೊಂದು ಅಂಕಿಯೂ ಒಂದೊಂದು ಕುರ್ಚಿ. ಈಗಿನ ಅರೇಯಿಂದ ಖಾಲಿ ಹಾಲ್‌ನ ಅರೇಯನ್ನು ಕಳೆದರೆ, ಯಾರೂ ಕೂರದ ಕುರ್ಚಿಗಳೆಲ್ಲ ಸೊನ್ನೆಯಾಗಬೇಕು.

ಮಧ್ಯಾಹ್ನ ಪರೀಕ್ಷೆಗೆಂದು ಪ್ರೋಗ್ರಾಮನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದೆವು. ಮೊದಲು ಎಲ್ಲವೂ ಸೊನ್ನೆ. ಆಮೇಲೆ ಹಿಂದಿನ ಸಾಲಿನ ಒಂದು ಸೊನ್ನೆ ನಾಲ್ಕಾಯಿತು. ಮನುಷ್ಯರು ಕೂತರೆ ಶಾಖ ಅಷ್ಟು ಡಿಗ್ರಿ ಏರುತ್ತದೆ. ನೋಡನೋಡುತ್ತ ಸಾಲಿಗೆ ಸಾಲೇ ತುಂಬಿಕೊಂಡಿತು. ತಲೆಯೆತ್ತಿದರೆ ಹಾಲ್ ಖಾಲಿ. ಮಡಚಿದ ಕುರ್ಚಿಗಳು ಮಡಚಿದಂತೆಯೇ ಇದ್ದವು.

“ನಿನ್ನ ಲೆಕ್ಕ ಎಲ್ಲೋ ಎಡವಟ್ಟಾಗಿದೆ ಕಣಮ್ಮ,” ಎಂದು ನಗುತ್ತ ಭಾವ ಒಂದು ಕುರ್ಚಿ ಬಿಡಿಸಿ ಅಂಗೈ ಊರಿದರು. ನಗು ನಿಂತುಹೋಯಿತು.

“ಬೆಚ್ಚಗಿದೆ,” ಎಂದರು. ಆಮೇಲೆ ಆ ಕುರ್ಚಿಯ ಕಡೆಗೇ ತಿರುಗಿ ಮೆಲ್ಲಗೆ, “ತಪ್ಪಾಯ್ತು, ಕೂತ್ಕೊಳ್ಳಿ,” ಎಂದರು.

ನಮಗೆ ಓಡಿಹೋಗಬೇಕು ಅನ್ನಿಸಲಿಲ್ಲ. ಅಷ್ಟೊಂದು ಜನ ಉಸಿರು ಬಿಗಿಹಿಡಿದು ಏನನ್ನೋ ನೋಡುತ್ತಿರುವಾಗ ಸದ್ದು ಮಾಡಬಾರದು ಅನ್ನಿಸಿತು. ತಡವಾಗಿ ಬಂದವರ ಹಾಗೆ ಗೋಡೆಗೆ ಒರಗಿ ನಿಂತೆವು. ಬಿಳಿ ಪರದೆಯ ಮೇಲೆ ಏನೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ, ಬಾಗಿಲ ಕಡೆಯಿಂದ ಅಂಕಿಗಳು ಒಂದೊಂದಾಗಿ ಸೊನ್ನೆಗೆ ಇಳಿದವು.

ಮುಂದಿನ ಸಾಲಿನ ನಡುವಿನ ಕುರ್ಚಿ ಮಾತ್ರ ಇಳಿಯಲಿಲ್ಲ. ಮಾರನೆಯ ದಿನ ಭಾವ ಅದರ ಸೆನ್ಸರ್ ಬದಲಿಸಿದರು. ಹೊಸದೂ ನಾಲ್ಕನ್ನೇ ತೋರಿಸಿತು. ಕುರ್ಚಿಯನ್ನೇ ಕಿತ್ತು ಬೇರೆಯದನ್ನು ಹಾಕಿದರು. ಅದೂ ಬೆಚ್ಚಗಾಯಿತು.